ಜವರಯ್ಯನ ಮೊಣಕೈ

ಒಂದು ಜೊತೆ ಬೂಟು ಕದ್ದನೆಂದು ಹೇಳಿ ಮರಿಯಯ್ಯನನ್ನು ಮದ್ದೂರಿನ ಮದುವೆ ಛತ್ರದ ಕೆಲಸದಿಂದ ತೆಗೆದುಹಾಕಿದರು. ಬೂಟು ರವಿಚಂದ್ರನದು. ಮರಿಯಯ್ಯ ಆ ಛತ್ರದಲ್ಲಿ ಕುರ್ಚಿ ಹಾಕುವ, ಕುರ್ಚಿ ಎತ್ತುವ ಕೆಲಸಕ್ಕಿದ್ದವನು.

ಅಂದು ಅಲ್ಲಿ ನಡೆದದ್ದು ಕೆರಗೋಡಿನ ಬೋರೇಗೌಡರ ಕಿರಿಮಗಳು ವೀಣಳ ಮದುವೆ. ಬೋರೇಗೌಡರಿಗೆ ಗಂಡುಮಕ್ಕಳಿಲ್ಲ, ಇರುವವರು ಅಳಿಯಂದಿರು. ಹಿರಿಯಳು ವನಜಳ ಗಂಡ ಜವರಯ್ಯ ದುದ್ದದಲ್ಲಿ ಹಿಟ್ಟಿನ ಗಿರಣಿ ಇಟ್ಟವನು. ಎರಡನೆಯವಳು ರೂಪಳ ಗಂಡ ರವಿಚಂದ್ರ ಮಂಡ್ಯದ ಯಾವುದೋ ಸರ್ಕಾರಿ ಕಚೇರಿಯಲ್ಲಿ ಫೈಲುಗಳನ್ನು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಕಳಿಸುವವನು. ಗಿರಣಿಯಲ್ಲಿ ಇಡೀ ಹೋಬಳಿಯ ರಾಗಿ ಹಿಟ್ಟಾಗುತ್ತದೆ. ಫೈಲಿನಿಂದ ಒಂದು ಮುದ್ದೆಯೂ ಆಗುವುದಿಲ್ಲ. ಆದರೂ ಮಾವನ ಮನೆಗೆ ರವಿಚಂದ್ರ ಬಂದರೆ ಕುರ್ಚಿ ಒರೆಸಿ ಹಾಕುತ್ತಾರೆ, ಜವರಯ್ಯ ಬಂದರೆ ಕುರ್ಚಿಗೆ ಹಿಟ್ಟು ಮೆತ್ತೀತೆಂದು ಚಾಪೆ ತೋರಿಸುತ್ತಾರೆ. ಈ ಸಂಕಟವನ್ನು ಜವರಯ್ಯ ಹೊಟ್ಟೆಯೊಳಗೆ ಕಟ್ಟಿಹಾಕಿ ವರ್ಷಗಟ್ಟಲೆ ಸಾಕಿದ್ದ. ಅದು ಮೇದು ಮೇದು ಚೆನ್ನಾಗಿ ಕೊಬ್ಬಿತ್ತು.

ಮದುವೆಯ ದಿನ ಅದಕ್ಕೆ ಹೊಸ ಮೇವು ಬಿತ್ತು. ಗಂಡನ್ನು ಬಾಗಿಲಿಂದ ಮಂಟಪಕ್ಕೆ ಕರೆತರುವಾಗ ಅವನ ತಲೆಯ ಮೇಲೆ ಛತ್ರಿ ಹಿಡಿಯುವುದು ಬೋರೇಗೌಡರ ಮನೆತನದಲ್ಲಿ ಹಿರಿಯಳಿಯನ ಮರ್ಯಾದೆ. ಜವರಯ್ಯ ಅದಕ್ಕಾಗಿ ಹೊಸ ಶಲ್ಯ ಹೊದ್ದು, ಕೈಗೆ ಸ್ಟೀಲ್ ಪಟ್ಟಿಯ ವಾಚು ಕಟ್ಟಿ, ಬೆಳಗಿನಿಂದ ಛತ್ರಿಯ ಪಕ್ಕದಲ್ಲೇ ನಿಂತಿದ್ದ. ಕೊನೆಯ ಗಳಿಗೆಯಲ್ಲಿ ಮಾವನವರು, ಎತ್ತರದ ಆಳು ಹಿಡಿದರೆ ಚೆಂದ ಎಂದು ಛತ್ರಿಯನ್ನು ರವಿಚಂದ್ರನ ಕೈಗೆ ಕೊಟ್ಟರು. ರವಿಚಂದ್ರ ಎತ್ತರವೇನೂ ಅಲ್ಲ. ಅವನ ಬೂಟಿನ ಹಿಮ್ಮಡಿ ಎತ್ತರ. ಮೈಸೂರಿನಿಂದ ತಂದಿದ್ದ ಕಂದು ಬಣ್ಣದ ಆ ಬೂಟುಗಳಲ್ಲಿ ಮುಖ ನೋಡಿಕೊಂಡು ಮೀಸೆ ತಿದ್ದಬಹುದಿತ್ತು.

ಧಾರೆಯ ಹೊತ್ತಿಗೆ ರವಿಚಂದ್ರ ಬೂಟುಗಳನ್ನು ಮಂಟಪದ ಮೆಟ್ಟಿಲ ಪಕ್ಕ ಬಿಟ್ಟು ಮೇಲೆ ಹತ್ತಿದ. ಅಲ್ಲೇ ತಾಂಬೂಲದ ತೆಂಗಿನಕಾಯಿ ಖಾಲಿಯಾದ ಗೋಣಿಚೀಲಗಳು ಬಿದ್ದಿದ್ದವು. ಎಲ್ಲರೂ ಅಕ್ಷತೆ ಹಿಡಿದು ಮಂಟಪದತ್ತ ನೋಡುತ್ತಿದ್ದಾಗ ಜವರಯ್ಯನ ಕಾಲು ಬೂಟುಗಳನ್ನು ಮೆಲ್ಲಗೆ ಚೀಲದ ಬಾಯೊಳಗೆ ನೂಕಿತು. ಅವನ ಮಟ್ಟಿಗೆ ಇದು ಕಳ್ಳತನವಲ್ಲ, ನ್ಯಾಯದಾನ. ಷಡ್ಡಕ ಆ ಬಿಸಿಲಲ್ಲಿ ಬರಿಗಾಲಲ್ಲಿ ಕಾರಿನವರೆಗೆ ಕುಣಿಯುತ್ತ ಹೋಗುವುದನ್ನು ಬೀಗರೆಲ್ಲ ನೋಡಬೇಕು, ಆಮೇಲೆ ಬೂಟು ಹೊರಗೆ ಬರಬೇಕು. ಆದರೆ ಊಟ ಮುಗಿಸಿ ಬರುವಷ್ಟರಲ್ಲಿ ಅಡುಗೆಯವರು ಗೋಣಿಚೀಲಗಳನ್ನೆಲ್ಲ ಸುತ್ತಿ ಟೆಂಪೋಗೆ ಹಾಕಿಕೊಂಡು ಮಳವಳ್ಳಿ ದಾರಿ ಹಿಡಿದಿದ್ದರು.

ಬೂಟು ಎಲ್ಲಿ ಎಂದು ಗದ್ದಲವೆದ್ದಾಗ ಛತ್ರದ ಮಾಲೀಕ ಸುತ್ತ ಒಮ್ಮೆ ನೋಡಿದ. ಶಲ್ಯ ಹೊದ್ದವರು, ಜರಿ ಉಟ್ಟವರು, ಬೀಗರು, ಬಿಜ್ಜರು. ಆಮೇಲೆ ಕುರ್ಚಿ ಮಡಚುತ್ತಿದ್ದ ಮರಿಯಯ್ಯ. ಮಾಲೀಕನಿಗೆ ಹುಡುಕಾಟ ಅಷ್ಟಕ್ಕೇ ಮುಗಿಯಿತು. ಜವರಯ್ಯನಿಗೆ ಏನಾದರೂ ಹೇಳಬೇಕೆನ್ನಿಸಿದ್ದು ನಿಜ, ಆದರೆ ಬಾಯಿತುಂಬ ಎಲೆಅಡಿಕೆ ಇತ್ತು. ಉಗಿಯಲು ಮರ್ಯಾದಸ್ಥ ಜಾಗ ಹುಡುಕಿಕೊಂಡು ಹಿತ್ತಲಿಗೆ ಹೋಗಿ, ಉಗಿದು, ಬಾಯಿ ಮುಕ್ಕಳಿಸಿ ಬರುವಷ್ಟರಲ್ಲಿ ಮರಿಯಯ್ಯ ಗೇಟು ದಾಟಿಯಾಗಿತ್ತು. ಮುಗಿದುಹೋದ ವಿಷಯವನ್ನು ಕೆದಕುವುದು ಅವನ ಸ್ವಭಾವವಲ್ಲ. ಮುಂದಿನ ತಿಂಗಳ ಹೊತ್ತಿಗೆ ಅವನು ಬೂಟನ್ನೇ ಮರೆತುಬಿಟ್ಟಿದ್ದ. ಛತ್ರಿಯನ್ನು ಮಾತ್ರ ಮರೆತಿರಲಿಲ್ಲ.

ಆಷಾಢಕ್ಕೆ ವೀಣಳನ್ನು ತವರಿಗೆ ಕರೆತಂದರು. ಅದೇ ವಾರ ಮದ್ದೂರಿನ ಬಸ್ ನಿಲ್ದಾಣದ ಎದುರಿನ ಸ್ಟುಡಿಯೋದಿಂದ ಮದುವೆಯ ವಿಡಿಯೋ ಬಂತು. ಕೆರಗೋಡಿನ ಮನೆಯ ನಡುಮನೆಯಲ್ಲಿ ನೆಂಟರು, ಅಕ್ಕಪಕ್ಕದವರು ಜಮಖಾನದ ಮೇಲೆ ಕೂತರು. ಟೀವಿಗೆ ಹೂವು ಮುಡಿಸುವುದೊಂದು ಬಾಕಿ.

ವಿಡಿಯೋ ಶುರುವಾದ ಕೂಡಲೇ ಜನ ಬೆರಗಾದರು. ಬೋರೇಗೌಡರ ಮೀಸೆ ಟೀವಿಯ ಈ ತುದಿಯಿಂದ ಆ ತುದಿಯವರೆಗೆ ಹಬ್ಬಿತ್ತು. ತಾಳಿ ಕಟ್ಟುವಾಗ ತಾಳಿಯೂ ಹತ್ತು ಬೆರಳೂ ಕಂಡವು. ಬೆರಳು ಯಾರವೆಂಬುದನ್ನು ಊಹಿಸಿಕೊಳ್ಳಬೇಕಿತ್ತು. ಗುಂಪು ಫೋಟೋ ಬಂದಾಗಲೂ ನಡುವಿನ ನಾಲ್ಕು ಜನ ಮಾತ್ರ, ಅವರೂ ಸೊಂಟದಿಂದ ಮೇಲೆ. ಈಗ ಬೆಂಗಳೂರಿನಲ್ಲೆಲ್ಲ ಹೀಗೇ ತೆಗೆಯುವುದು ಎಂದು ರವಿಚಂದ್ರ ಅಪ್ಪಣೆ ಕೊಡಿಸಿದ. ಜನ ಒಪ್ಪಿದರು. ರವಿಚಂದ್ರ ಒಪ್ಪದಿರುತ್ತಾನೆಯೇ? ಗಂಡಿನ ಪಕ್ಕ ಛತ್ರಿ ಹಿಡಿದವನು, ಎಲ್ಲಿ ನೋಡಿದರೂ ನಟ್ಟನಡುವೆ ಅವನೇ. ಮದುವೆಗಂಡಾದರೂ ಅಲ್ಲಲ್ಲಿ ತಪ್ಪಿಹೋಗುತ್ತಿದ್ದ, ರವಿಚಂದ್ರ ಒಮ್ಮೆಯೂ ತಪ್ಪಲಿಲ್ಲ.

ಜವರಯ್ಯ ತನ್ನನ್ನು ಹುಡುಕುತ್ತಿದ್ದ. ಬಾಗಿಲಲ್ಲಿ ಇರಲಿಲ್ಲ. ಧಾರೆಯಲ್ಲಿ ಇರಲಿಲ್ಲ. ಗುಂಪು ಫೋಟೋದಲ್ಲಿ ಬೋರೇಗೌಡರ ಭುಜದ ಆಚೆ ಒಂದು ಮೊಣಕೈ, ಸ್ಟೀಲ್ ಪಟ್ಟಿಯ ವಾಚಿನ ಸಮೇತ, ಬಂದು ಹೋಯಿತು. ಆರತಕ್ಷತೆಯಲ್ಲೂ ಅದೇ ಮೊಣಕೈ. ವನಜ ಕಣ್ಣು ಕಿರಿದು ಮಾಡಿ, ಅದು ನಿಮ್ಮ ಕೈಯಲ್ಲವೇ ಎಂದು ಕೇಳಿದಳು.

"ಭಾವನ ಮೊಣಕೈ ಬಲೇ ಚೆಂದಾಗಿ ಬಂದದೆ ಕಣಕ್ಕ," ಎಂದ ರವಿಚಂದ್ರ. "ಫ್ರೇಮ್ ಹಾಕ್ಸಿ."

ನಡುಮನೆ ನಕ್ಕಿತು. ಗೋಡೆಗೊರಗಿ ಕೂತಿದ್ದ ಹೊಂಬಾಳಮ್ಮ ಒಬ್ಬಳು ನಗಲಿಲ್ಲ. ಆಕೆ ಬೋರೇಗೌಡರ ತಂಗಿ, ಗಂಡ ಸತ್ತ ಮೇಲೆ ಇದೇ ಮನೆಯಲ್ಲಿದ್ದು ವೀಣಳನ್ನು ಎತ್ತಿ ಆಡಿಸಿ ಬೆಳೆಸಿದವಳು. ವಿಡಿಯೋದಲ್ಲಿ ಆಕೆಯ ಮೊಣಕೈಯೂ ಇರಲಿಲ್ಲ.

ವಾರದೊಳಗೆ ಸುದ್ದಿ ದುದ್ದಕ್ಕೆ ಬಂತು. ರಾಗಿ ತಂದವರು ಗಿರಣಿಯ ಬಾಗಿಲಲ್ಲಿ ನಿಂತು, ಮುಖಕ್ಕಿಂತ ಮೊದಲು ಮೊಣಕೈ ನೋಡತೊಡಗಿದರು. ಅಲ್ಲಿಗೆ ಜವರಯ್ಯನಿಗೆ ಎಲ್ಲವೂ ಸ್ಪಷ್ಟವಾಯಿತು. ಮದುವೆಯ ದಿನ ರವಿಚಂದ್ರ ಕ್ಯಾಮೆರಾದ ಇಲ್ಯಾಸನನ್ನು ಪಕ್ಕಕ್ಕೆ ಕರೆದು ಬಿಸಿ ವಡೆ ಕೊಟ್ಟಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಹಸಿದವನಿಗೆ ವಡೆ ಕೊಡುವುದು ಲೋಕರೂಢಿ ಎಂದು ನೀವು ಹೇಳಬಹುದು. ಹೊಟ್ಟೆಕಿಚ್ಚಿನ ಶಾಸ್ತ್ರದಲ್ಲಿ ಅದು ಲಂಚ.

ಅವನು ಗಿರಣಿಗೆ ಬೀಗ ಹಾಕಿ ಮದ್ದೂರಿಗೆ ಬಸ್ಸು ಹತ್ತಿದ.

ಸ್ಟುಡಿಯೋದಲ್ಲಿ ವಿಡಿಯೋ ಕತ್ತರಿಸಿ ಜೋಡಿಸುವವಳು ಇಲ್ಯಾಸನ ಹೆಂಡತಿ ಮಿಸ್ಬಾ. ಇಲ್ಯಾಸ್ ತೆಗೆಯುತ್ತಾನೆ, ಅವಳು ಹೊಲಿಯುತ್ತಾಳೆ. ಜವರಯ್ಯ ಒಳಗೆ ನುಗ್ಗಿ, ತನ್ನನ್ನು ಯಾರ ಮಾತು ಕೇಳಿ ತೆಗೆದರೆಂದು ವಿಚಾರಣೆ ಶುರುಮಾಡಿದ. ಮಿಸ್ಬಾ ಕಂಪ್ಯೂಟರಿನಿಂದ ಕಣ್ಣೆತ್ತಿ, ಅವನ ಮುಖವನ್ನಲ್ಲ, ಕೈಯನ್ನು ನೋಡಿದಳು. ಆ ವಾಚು ಎಲ್ಲೋ ನೋಡಿದ ಹಾಗಿದೆಯಲ್ಲ ಎಂದಳು.

ಆಮೇಲೆ ವಿಷಯ ಬಿಡಿಸಿ ಹೇಳಿದಳು. ಅವರ ಸ್ಟುಡಿಯೋದಲ್ಲಿ ಪ್ರತಿ ಮದುವೆಗೂ ಹೊಸದಾಗಿ ಪ್ರಾಜೆಕ್ಟು, ಅಂದರೆ ವಿಡಿಯೋ ಕೂರಿಸುವ ಚೌಕಟ್ಟು, ಕಟ್ಟುವ ಪದ್ಧತಿ ಇಲ್ಲ. ಹಿಂದೆ ಯಾವುದೋ ಮದುವೆಗೆ ಹೃದಯ, ನವಿಲುಗರಿ, ಎರಡು ಬಿಳಿ ಪಾರಿವಾಳ ಎಲ್ಲ ಹಾಕಿ ಒಂದು ಪ್ರಾಜೆಕ್ಟು ಮಾಡಿಟ್ಟಿದ್ದಾಳೆ. ಹಳೆಯ ಮದುವೆ ಖಾಲಿ ಮಾಡಿ ಹೊಸ ಮದುವೆ ತುಂಬುವುದು. ಮದ್ದೂರು ಸುತ್ತಮುತ್ತ ಮದುವೆಯಾದ ಎಷ್ಟೋ ಜೋಡಿಗಳ ತಲೆಯ ಮೇಲೆ ಹಾರಿದ್ದು ಅವೇ ಎರಡು ಪಾರಿವಾಳ. ಆ ಪ್ರಾಜೆಕ್ಟು ಹಳೇ ಕ್ಯಾಮೆರಾದ ಅಳತೆಯದು. ಇಲ್ಯಾಸ್ ಈ ಮದುವೆಗೆ ಹೊಸ ಕ್ಯಾಮೆರಾ ತಂದಿದ್ದ, ಫೋರ್ ಕೆ ಅಂತೆ, ಅದರ ಚಿತ್ರ ನಾಲ್ಕು ಪಾಲು ದೊಡ್ಡದು.

"ಸಣ್ಣ ಮಂಚದ ಮೇಲೆ ದೊಡ್ಡ ಜಮಖಾನ ಹಾಸ್ದಂಗೆ ಅಣ್ಣ," ಎಂದಳು. "ನಡೂಮಧ್ಯ ಮಂಚದ ಮೇಲೈತೆ. ಅಂಚೆಲ್ಲ ಕೆಳಗೆ ಜೋತಾಡ್ತೈತೆ. ನೀವು ಜೋತಾಡೋ ಕಡೆ ನಿಂತಿದ್ರಿ."

ಹಾಗಾದರೆ ಮಂಚವನ್ನು ರವಿಚಂದ್ರನ ಅಳತೆಗೆ ಮಾಡಿಸಿದ್ದು ಯಾರು ಎಂದು ಜವರಯ್ಯ ಕೇಳಿದ. ಮಿಸ್ಬಾ ಮಂಚದ ಮಾತು ಬಿಟ್ಟು ವ್ಯವಹಾರಕ್ಕೆ ಬಂದಳು. ಸರಿಮಾಡಲು ಬರುತ್ತದೆ, ಆದರೆ ಆರ್ಡರು ಕೊಟ್ಟ ಪಾರ್ಟಿ ಬೋರೇಗೌಡರು. ಅವರು ಮೀಸೆ ಸೂಪರ್ ಆಗಿ ಬಂದಿದೆ ಎಂದು ಫೋನು ಮಾಡಿ ಹೊಗಳಿದ್ದಾರೆ. ಅವರು ಹೇಳದೆ ತಾನು ಮುಟ್ಟುವುದಿಲ್ಲ. ಇಷ್ಟು ಹೇಳಿ ಊಟಕ್ಕೆ ಹೊರಟಳು.

ಇಲ್ಯಾಸ್ ಮೆದು ಮನುಷ್ಯ. ಜವರಯ್ಯ ಮೊಣಕೈ ನೀವಿಕೊಳ್ಳುತ್ತ ಬೆಂಚಿನ ಮೇಲೆ ಕೂತಿದ್ದನ್ನು ನೋಡಲಾರದೆ ತಾನೇ ಹೆಂಡತಿಯ ಜಾಗದಲ್ಲಿ ಕೂತ. ಜಮಖಾನ ಮಡಚುವ ಬದಲು ಮಂಚವನ್ನೇ ದೊಡ್ಡದು ಮಾಡಿದರಾಯಿತು ಎಂದುಕೊಂಡು ಪ್ರಾಜೆಕ್ಟಿನ ಅಳತೆಯನ್ನು ಹೊಸ ಕ್ಯಾಮೆರಾಕ್ಕೆ ಏರಿಸಿದ. ಆದರೆ ಬೋರೇಗೌಡರು ಬಾಗಿಲಲ್ಲಿ ಕೈಮುಗಿದು ನಿಂತದ್ದು, ಹೊಸದು ಚಾರ್ಜ್ ಆಗುವವರೆಗೆ ಇರಲೆಂದು, ಹಳೇ ಕ್ಯಾಮೆರಾದಲ್ಲಿ ತೆಗೆದದ್ದು. ದೊಡ್ಡ ಮಂಚದ ಮೇಲೆ ಅದು ತಲೆದಿಂಬಿನಷ್ಟಾಯಿತು. ಸುತ್ತ ಕಪ್ಪು, ನಡುವೆ ಚೌಕದೊಳಗೆ ಕೈಮುಗಿದ ಬೋರೇಗೌಡರು, ಅವರ ನೆತ್ತಿಯಿಂದ ಆಕಾಶಕ್ಕೆ ಹಾರುವ ಎರಡು ಬಿಳಿ ಪಾರಿವಾಳ, ಹಿಂದೆ ಸಣ್ಣ ದನಿಯಲ್ಲಿ ಓಲಗ. ಇಲ್ಯಾಸ್ ಮಾದರಿಗೆಂದು ಅಷ್ಟು ತುಂಡನ್ನೇ ಕತ್ತರಿಸಿ ಜವರಯ್ಯನ ಮೊಬೈಲಿಗೆ ಕಳಿಸಿದ.

ಜವರಯ್ಯ ಅದನ್ನು ಬಿಚ್ಚಿ ನೋಡುವ ತಾಳ್ಮೆ ಉಳಿಸಿಕೊಂಡಿರಲಿಲ್ಲ. ಬಸ್ಸಿನಲ್ಲಿ ಕೂತವನೇ ನೆಂಟರ ವಾಟ್ಸಾಪ್ ಗುಂಪಿಗೆ ದಾಟಿಸಿ ಕೆಳಗೆ ಬರೆದ: "ಎಲ್ಲರೂ ತಪ್ಪದೆ ನೋಡಿ. ಮನಸ್ಸಿಗೆ ತುಂಬಾ ನೋವಾಗಿದೆ. ಜವರಯ್ಯ, ಹಿರಿಯಳಿಯ."

ಮಳವಳ್ಳಿಯ ನೆಂಟರು ತಪ್ಪದೆ ನೋಡಿದರು. ನೋಡಿ, ಟೆಂಪೋ ಮಾಡಿಕೊಂಡು, ದೊಡ್ಡದೊಂದು ಸುಗಂಧರಾಜದ ಹಾರ ಕಟ್ಟಿಸಿಕೊಂಡು ಇಳಿಹೊತ್ತಿಗೆ ಕೆರಗೋಡಿಗೆ ಬಂದಿಳಿದರು. ಬೋರೇಗೌಡರು ಜಗಲಿಯ ಮೇಲೆ ಕೂತು ಕಾಲಿನ ಉಗುರು ತೆಗೆಯುತ್ತಿದ್ದರು. ಬೀದಿಯ ತಿರುವಿನಿಂದಲೇ ದನಿ ತೆಗೆದು ಬರುತ್ತಿದ್ದ ಹೆಂಗಸೊಬ್ಬಳು ಅವರನ್ನು ಕಂಡು ಗಕ್ಕನೆ ನಿಂತಳು. ಆದರೆ ಹೊರಟ ಅಳುವನ್ನು ಒಳಗೆ ಹಾಕಿಕೊಳ್ಳುವುದು ಹೇಗೆ? ಎಂದೋ ತೀರಿಹೋಗಿದ್ದ ತನ್ನ ಗಂಡನ ಹೆಸರು ಹಿಡಿದು ಅಳುವನ್ನು ಆ ಕಡೆಗೆ ತಿರುಗಿಸಿ, ಗೌರವದಿಂದ ಮುಗಿಸಿದಳು. ತಂದ ಹಾರವನ್ನು ವಾಪಸ್ಸು ಒಯ್ಯಬಾರದೆಂದು ಹಿರಿಯರೊಬ್ಬರು ನಿಯಮ ಹೇಳಿದರು. ಕೊನೆಗೆ ಅದನ್ನು ಅಂಗಳದಲ್ಲಿ ನಿಂತಿದ್ದ ಟ್ರ್ಯಾಕ್ಟರಿಗೆ ಹಾಕಿದರು. ಬಂದವರಿಗೆಲ್ಲ ಅಡುಗೆಯಾಯಿತು. ಸತ್ತಿಲ್ಲದ ಮನುಷ್ಯ ತನ್ನ ಸಾವಿಗೆ ಬಂದವರಿಗೆ ಎದುರು ಕೂತು ಉಪಚಾರ ಮಾಡಿದ.

ಮಾರನೆಯ ಸಂಜೆ ಜವರಯ್ಯನಿಗೆ ಕರೆ ಬಂತು. ಅಂದು ಅವನಿಗೆ ಚಾಪೆಯನ್ನೂ ತೋರಿಸಲಿಲ್ಲ. ಮಾವನವರ ತೀರ್ಪು ಚಿಕ್ಕದಾಗಿತ್ತು. ವಿಡಿಯೋ ಹೇಗಿದೆಯೋ ಹಾಗೇ ಇರಬೇಕು, ಇನ್ನು ಅದನ್ನು ಯಾರೂ ಮುಟ್ಟಕೂಡದು. ರವಿಚಂದ್ರ ಪಕ್ಕದಲ್ಲೇ ಕುರ್ಚಿಯ ಮೇಲೆ ಕೂತು, ಪಾಪ ಭಾವನಿಗೆ ಮೊಬೈಲು ಬಳಸಲು ಬರುವುದಿಲ್ಲ, ತಪ್ಪು ತಿಳಿಯಬೇಡಿ ಎಂದು ಅವನ ಪರವಾಗಿ ಮಾತಾಡಿದ. ಬೈದಿದ್ದರೆ ಜವರಯ್ಯ ಸಹಿಸುತ್ತಿದ್ದನೇನೋ. ಷಡ್ಡಕನ ಕರುಣೆ ಅವನ ಎಲುಬು ಸುಟ್ಟಿತು. ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಹಿತ್ತಲಿನಿಂದ ಹೊಂಬಾಳಮ್ಮ ಬಂದಳು. ಆಕೆ ಕೇಳಿದ್ದು ಒಂದೇ ಮಾತು.

"ಆ ಸ್ಟುಡಿಯೋ ಹುಡುಗಿ ಸರಿಮಾಡ್ತೀನಿ ಅಂದ್ರೆ, ನಾನೂ ಕಾಣ್ತೀನೇನಪ್ಪ ಜವರಾ?"

ಜವರಯ್ಯನಿಗೆ ಆಗ ಹೊಳೆಯಿತು. ಕತ್ತರಿಸಿಹೋದವನು ತಾನೊಬ್ಬನೇ ಅಲ್ಲ. ಒಬ್ಬನೇ ಕೇಳಿದರೆ ಹೊಟ್ಟೆಕಿಚ್ಚು ಎನ್ನುತ್ತಾರೆ, ಹತ್ತಾರು ಜನ ಕೇಳಿದರೆ ಹೋರಾಟವಾಗುತ್ತದೆ. ಮಂಡ್ಯದ ಕಡೆಯವನಿಗೆ ಇದನ್ನು ಯಾರೂ ಕಲಿಸಬೇಕಿಲ್ಲ.

ಅವನು ಮನೆಮನೆ ತಿರುಗಿ ಅಂಚಿನವರನ್ನು ಒಟ್ಟುಮಾಡಿದ. ಮಾಡುತ್ತ ಮಾಡುತ್ತ ವಿಚಿತ್ರವೊಂದು ಅವನ ಕಣ್ಣಿಗೆ ಬಿತ್ತು. ಮದುವೆಯಲ್ಲಿ ಹೂವಿನಂತೆ ನಡುವೆ ನಿಂತವರಲ್ಲಿ ಒಬ್ಬರೂ ಕತ್ತರಿಸಿಹೋಗಿರಲಿಲ್ಲ. ಹೋದವರೆಂದರೆ ಓಲಗದವರು, ಎಲೆ ಎತ್ತಿದವರು, ಉಗ್ರಾಣ ಕಾದವರು, ಮುಂದೆ ಬರಬಾರದೆಂದು ಕಂಬದ ಮರೆಗೆ ನಿಲ್ಲಿಸಿದ್ದ ವಿಧವೆಯರು. ಕ್ಯಾಮೆರಾಕ್ಕೆ ಜಾತಿ ತಿಳಿಯದು, ಕಂಪ್ಯೂಟರಿಗೆ ಕುಲ ತಿಳಿಯದು. ಯಾರು ಎಲ್ಲಿ ನಿಲ್ಲಬೇಕೆಂದು ತಿಳಿದಿದ್ದ ಊರು ಆ ಕೆಲಸವನ್ನು ಮೊದಲೇ ಮಾಡಿಟ್ಟಿತ್ತು. ತಾನೂ ಈ ಸಾಲಿಗೆ ಸೇರಿದವನೆಂಬುದು ಜವರಯ್ಯನಿಗೆ ಚೂರೂ ರುಚಿಸಲಿಲ್ಲ. ಆದರೆ ತಲೆಗಳು ಬೇಕಿದ್ದವು. ಮದ್ದೂರು ರೈಲು ನಿಲ್ದಾಣದ ಹತ್ತಿರ ಮೂಟೆ ಇಳಿಸುತ್ತಿದ್ದ ಮರಿಯಯ್ಯ ಕಂಡಾಗ, ಅವನನ್ನೂ ಕರೆದ. ನೀನೂ ಕುರ್ಚಿ ಹೊತ್ತುಕೊಂಡು ಅಂಚಲ್ಲೇ ಇದ್ದವನಲ್ಲವೇ, ಬಾ ಎಂದ. ಮರಿಯಯ್ಯ ಒಂದು ಗಳಿಗೆ ಅವನ ಮುಖ ನೋಡಿ, ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಬಂದ.

ಸ್ಟುಡಿಯೋದ ಮುಂದೆ ಧರಣಿ ಶುರುವಾಯಿತು. ಮೊದಲು ಮೆಟ್ಟಿಲ ಮೇಲೆ ಕೂತರು. ಜಾಗ ಸಾಲದೆ ರಸ್ತೆಗೆ ಹರಡಿದರು. ಬಸ್ಸು ನಿಂತಿತು. ಬಸ್ಸಿನಲ್ಲಿದ್ದವರು ಇಳಿದು ಬಂದು, ನೀರಿಗಾ ಕಬ್ಬಿಗಾ ಎಂದು ಕೇಳಿ, ಉತ್ತರಕ್ಕೆ ಕಾಯದೆ ಪಕ್ಕದಲ್ಲೇ ಕೂತರು. ಯಾರೋ ನೀರು ಬಿಡಬೇಡಿ ಎಂದು ಕೂಗಿದರು, ಇನ್ಯಾರೋ ಬೆಂಬಲ ಬೆಲೆ ಎಂದರು, ಓಲಗದವನು ಓಲಗ ಊದಿದ. ಜವರಯ್ಯನ ಎದೆ ಉಬ್ಬಿತು. ಅವನ ಜೀವಮಾನದಲ್ಲಿ ಮೊದಲ ಸಲ ಅವನು ನಟ್ಟನಡುವೆ ಇದ್ದ.

ಆಗ ಮರಿಯಯ್ಯ ಹತ್ತಿರ ಸರಿದು ಕಿವಿಯಲ್ಲಿ ಹೇಳಿದ.

"ಗೌಡ್ರೆ, ನಂಗೆ ನನ್ ಮಖ ಕಾಣ್ದಿದ್ರೂ ಚಿಂತಿಲ್ಲ. ಆ ಬೂಟು ಬುಟ್ಟಿದ್ದು ಮಂಟಪದ ಮೆಟ್ಲು ತಾವ. ಅದೂ ಅಂಚೇ ಅಲ್ವರಾ? ಪೂರ್ತಿ ಚಿತ್ರ ಬಂದ್ರೆ ಯಾರು ತಕಂಡ್ರು ಅಂತ ಅದ್ರಲ್ಲಿ ಇರ್ತದೆ."

 ಜವರಯ್ಯ ಮರೆತಿದ್ದ ಬೂಟುಗಳು ಮಳವಳ್ಳಿಯಿಂದ ನಡೆದುಕೊಂಡು ಬಂದು ಅವನ ಎದೆಯ ಮೇಲೆ ನಿಂತವು. ಆ ಹೊತ್ತಿನಲ್ಲಿ ಮಂಟಪದತ್ತ ತಿರುಗಿದ್ದ ಇಲ್ಯಾಸನ ಹೊಸ ಕ್ಯಾಮೆರಾ ಈಗ ಅವನ ನೆನಪಿಗೆ ಬಂತು. ಹಾಳಾದ್ದು ನಾಲ್ಕು ಪಾಲು ದೊಡ್ಡದಂತೆ.

ಅವನು ತಟ್ಟನೆ ಎದ್ದು ನಿಂತು ಕೈಯೆತ್ತಿದ. ಸಾಕು ಕಣ್ರಪ್ಪ, ಮನೆಗೆ ಹೋಗೋಣ ಎಂದ. ನಾಯಕ ಎದ್ದನೆಂದರೆ ಭಾಷಣವೆಂದೇ ಜನ ತಿಳಿದರು. "ಸಾಕು" ಎಂಬುದಷ್ಟೇ ಹಿಂದಿನವರಿಗೆ ಕೇಳಿಸಿ, "ಸಾಕು ಸಾಕು, ಅನ್ಯಾಯ ಸಾಕು" ಎಂದು ರಸ್ತೆಯುದ್ದಕ್ಕೂ ಕೂಗೆದ್ದಿತು. ಬೇಡ ಎಂದಷ್ಟೂ ಬೇಕು ಎಂದರು. ಕೂರಿ ಎಂದಾಗ ಎದ್ದರು, ಏಳಿ ಎಂದಾಗ ಮಲಗಿದರು.

ಸಬ್ ಇನ್ಸ್‌ಪೆಕ್ಟರ್ ಸಾಹೇಬರು ಜೀಪಿನಿಂದ ಇಳಿದು ಬೇಡಿಕೆ ಏನೆಂದು ಕೇಳಿದರು. ಜವರಯ್ಯ, ಏನೂ ಇಲ್ಲ ಸಾರ್, ಈಗ ಎದ್ದೆವು ಎಂದ. ಹೊಂಬಾಳಮ್ಮ ಅವನನ್ನು ಪಕ್ಕಕ್ಕೆ ಸರಿಸಿ, ಬೋರೇಗೌಡರ ಮಗಳ ಮದುವೆಯ ವಿಡಿಯೋದಲ್ಲಿ ತಮ್ಮನ್ನೆಲ್ಲ ಕತ್ತರಿಸಿರುವ ಸಂಗತಿ ತಿಳಿಸಿದಳು. ಸಾಹೇಬರು ನಗಬೇಕೆಂದಿದ್ದವರು ನಗಲಿಲ್ಲ. ಅವರು ಗಂಡಿನ ಕಡೆಯ ದೂರದ ನೆಂಟರು, ಆ ಮದುವೆಗೆ ಬಂದಿದ್ದರು. ಒಳಗೆ ಹೋಗಿ, ತಾವು ಎಲ್ಲಿದ್ದೇವೆ ತೋರಿಸಿ ಎಂದು ಮಿಸ್ಬಾಳಿಗೆ ಹೇಳಿದರು. ಆಕೆ ಹುಡುಕಿ ಹುಡುಕಿ ಕೊನೆಗೆ ಒಂದು ಬೆಲ್ಟನ್ನು ತೋರಿಸಿದಳು. ಆಮೇಲೆ ಅದು ಕಾನೂನು ಸುವ್ಯವಸ್ಥೆಯ ಪ್ರಶ್ನೆಯಾಯಿತು. ಈ ಕ್ಷಣವೇ ಸರಿಮಾಡತಕ್ಕದ್ದೆಂದು ಸಾಹೇಬರು ಹುಕುಂ ಮಾಡಿದರು. ಅಷ್ಟರಲ್ಲಿ ಅಳಿಯ ರಸ್ತೆ ತಡೆದಿದ್ದಾನೆಂಬ ಸುದ್ದಿ ಕೇಳಿ ಬೋರೇಗೌಡರೂ ರವಿಚಂದ್ರನೂ ಕಾರಿನಲ್ಲಿ ಬಂದಿಳಿದರು. ಸಾಹೇಬರ ಎದುರು ಬೋರೇಗೌಡರು ಹೂಂ ಎನ್ನದೆ ವಿಧಿಯಿರಲಿಲ್ಲ.

ಆ ಸಣ್ಣ ಕೋಣೆಯೊಳಗೆ ಹಿಡಿಸುವಷ್ಟು ಜನ ನುಗ್ಗಿದರು. ಜವರಯ್ಯ ಸಾಹೇಬರಿಗೆ ಚಹಾ ತರಿಸಲೇ ಎಂದ. ಬೇಡ ಎಂದರು. ಮೊದಲು ಊಟ ಮಾಡಿದರೆ ಹೇಗೆ ಎಂದ. ಗೋಡೆಗೆ ಒರಗುವ ನೆಪದಲ್ಲಿ ಮೇನ್ ಸ್ವಿಚ್ಚನ್ನು ಬೆನ್ನಿನಿಂದ ಒತ್ತಿದ. ಫ್ಯಾನು ನಿಂತಿತು, ದೀಪ ಆರಿತು, ಕಂಪ್ಯೂಟರು ಹಾಗೇ ಬೆಳಗುತ್ತಿತ್ತು. ಯುಪಿಎಸ್ ಐತೆ ಅಣ್ಣ, ಗಾಬರಿಯಾಗಬೇಡಿ ಎಂದು ಮಿಸ್ಬಾ ತಿರುಗದೆಯೇ ಸಮಾಧಾನ ಹೇಳಿದಳು.

ಅವಳು ಇಲ್ಯಾಸ್ ಮಾಡಿದ್ದನ್ನು ತೆಗೆದುಹಾಕಿ ಮಂಚವನ್ನು ಮೊದಲಿನ ಅಳತೆಗೆ ತಂದಳು. ಹೊಸ ಕ್ಯಾಮೆರಾದ ತುಂಡುಗಳನ್ನೆಲ್ಲ ಒಟ್ಟಿಗೆ ಆರಿಸಿ, ಚೌಕಟ್ಟಿಗೆ ಹೊಂದಿಸು ಎಂಬ ಕಡೆ ಒತ್ತಿದಳು. ಅಷ್ಟೇ ಕೆಲಸ. ಬೋರೇಗೌಡರ ಮೀಸೆ ಸರ್ರನೆ ಹಿಂದೆ ಸರಿದು, ಒಬ್ಬ ಸಾಧಾರಣ ಮನುಷ್ಯನ ಮುಖದ ಮೇಲೆ ಹೋಗಿ ಕೂತಿತು. ಸುತ್ತ ಮದುವೆ ಬಿಚ್ಚಿಕೊಂಡಿತು.

ಓಲಗದವರು ಬಂದರು. ಎಲೆಯ ರಾಶಿ ಎತ್ತಿದ ಹೆಂಗಸರು ಬಂದರು. ಸಾಹೇಬರು ಎರಡನೆಯ ಹೋಳಿಗೆಯ ಸಮೇತ ಬಂದರು, ತಮ್ಮನ್ನು ತಾವು ನೋಡಿ ಟೋಪಿ ಸರಿಮಾಡಿಕೊಂಡರು. ಧಾರೆಯ ಹೊತ್ತಿಗೆ ಉಗ್ರಾಣದ ಬಾಗಿಲಲ್ಲಿ ಹೊಂಬಾಳಮ್ಮ ಕಂಡಳು. ನೆಂಟರ ಕೈಚೀಲಗಳನ್ನೆಲ್ಲ ಎರಡು ತೋಳಿಗೆ ನೇತುಹಾಕಿಕೊಂಡು, ಕೈ ಖಾಲಿಯಿಲ್ಲದೆ, ಮುಖವನ್ನು ಭುಜಕ್ಕೆ ಒರೆಸಿಕೊಳ್ಳುತ್ತ ಅಳುತ್ತಿದ್ದಳು.  ಬೋರೇಗೌಡರು ತಂಗಿಯ ಕಡೆ ನೋಡಲಿಲ್ಲ.

ಅದೇ ಚಿತ್ರದ ಇನ್ನೊಂದು ಅಂಚಿನಲ್ಲಿ ಹೊಸ ಶಲ್ಯ ಹೊದ್ದವನೊಬ್ಬ ಆ ಕಡೆ ಈ ಕಡೆ ನೋಡಿದ. ಅವನ ಬಲಗಾಲು ಉದ್ದವಾಯಿತು. ಒಂದು ಬೂಟು ಚೀಲದೊಳಗೆ ಹೋಯಿತು. ಎರಡನೆಯದು ಹಟ ಮಾಡಿತು. ಅವನು ಬಗ್ಗಿ ಕೈಯಿಂದಲೇ ತುರುಕಿದ. ಸ್ಟೀಲ್ ಪಟ್ಟಿಯ ವಾಚು ಫಳ್ಳನೆ ಹೊಳೆಯಿತು. ಆಮೇಲೆ ನೆಟ್ಟಗೆ ನಿಂತು, ಶಲ್ಯ ಸರಿಮಾಡಿಕೊಂಡು, ವಧೂವರರ ಕಡೆ ತುಂಬ ಭಕ್ತಿಯಿಂದ ಅಕ್ಷತೆ ಎಸೆದ. ಇಷ್ಟರ ಹಿಂದೆ, ದೂರದಲ್ಲಿ, ತಲೆಯ ಮೇಲೆ ಕುರ್ಚಿ ಹೊತ್ತ ಮರಿಯಯ್ಯ ಊಟದ ಮನೆಯ ಕಡೆ ಹೋಗುತ್ತಿದ್ದ.

ಜವರಯ್ಯ ಪೂರ್ತಿ ಕಂಡಿದ್ದ. ತಲೆಯಿಂದ ಕಾಲಿನವರೆಗೆ, ಎಲ್ಲೂ ಕತ್ತರಿಸದೆ.

ಮೊದಲು ಬಾಯಿಬಿಟ್ಟವನು ರವಿಚಂದ್ರ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ.

"ಅಯ್ಯೋ ಭಾವ, ಒಂದ್ ಮಾತು ಹೇಳಿದ್ರೆ ನಾನೇ ಕೊಡ್ತಿದ್ದೆ. ಆ ಬೂಟು ಬೆಳಗ್ಗಿಂದ ಕಚ್ಚಿ ಕಚ್ಚಿ ಹಿಮ್ಮಡಿ ಬೊಬ್ಬೆ ಎದ್ದಿತ್ತು. ಹೋಗಿದ್ದೇ ಒಳ್ಳೇದಾಯ್ತು ಅಂತ ರೂಪಂಗೂ ಹೇಳಿದ್ದೆ."

ಜವರಯ್ಯ ನೆಲ ನೋಡಿದ. ನಾಚಿಕೆ ಒಂದು ಪಾಲಾದರೆ ಹೊಟ್ಟೆಯುರಿ ಮೂರು ಪಾಲಾಗಿತ್ತು. ಇವನ ಬೂಟು ಕದ್ದರೂ ಇವನಿಗೇ ಸುಖವಾಗುವುದೆಂದರೆ ಏನು? ದೇವರು ಇವನನ್ನು ಮಾಡುವಾಗ ಯಾರು ವಡೆ ಕೊಟ್ಟಿದ್ದರು?

ಬೋರೇಗೌಡರು ಮನೆತನದ ಮಾನದ ಭಾರವನ್ನೆಲ್ಲ ಗಂಟಲಿಗೆ ತಂದುಕೊಂಡು ಗಂಟಲು ಸರಿಮಾಡಿದರು. ಮೊದಲಿನ ಹಾಗೇ ಮಾಡಮ್ಮ, ಈ ಅಗಲದ ಚಿತ್ರ ನಮಗೆ ಬೇಡ ಎಂದು ಮಿಸ್ಬಾಳಿಗೆ ಹೇಳಿದರು. ಸಾಹೇಬರು, ತಾವಿರುವ ಒಂದು ತುಂಡು ಬಿಟ್ಟು ಮಿಕ್ಕದ್ದನ್ನು ಮೊದಲಿನ ಹಾಗೆ ಮಾಡಬಹುದೆಂದು ಒಪ್ಪಿದರು. ರವಿಚಂದ್ರ ಒಪ್ಪಿದ. ಜವರಯ್ಯನಂತೂ ಯಾರಿಗೂ ಕೇಳದ ದನಿಯಲ್ಲಿ ಎಲ್ಲರಿಗಿಂತ ಮೊದಲೇ ಒಪ್ಪಿಬಿಟ್ಟಿದ್ದ. ಬೀದಿಯಲ್ಲಿ ಇನ್ನೂ ಅವನ ಹೆಸರಿಗೆ ಜೈಕಾರ ಕೇಳುತ್ತಿತ್ತು. ಆರ್ಡರು ಕೊಟ್ಟ ಪಾರ್ಟಿ ಹೇಳಿದ ಮೇಲೆ ನನ್ನದೇನಿದೆ ಎಂದು ಮಿಸ್ಬಾ ಮೌಸಿನ ಮೇಲೆ ಕೈಯಿಟ್ಟಳು, ಆದರೆ ಒತ್ತಲಿಲ್ಲ. ಅವಳು ಬಾಗಿಲ ಕಡೆ ನೋಡುತ್ತಿದ್ದಳು.

ಬಾಗಿಲಲ್ಲಿ ಮರಿಯಯ್ಯ ನಿಂತಿದ್ದ.

ಸಾಹೇಬರು ಅವನಿಗೆ ಮೃದುವಾಗಿಯೇ ತಿಳಿಹೇಳಿದರು. ಬೂಟು ಉಗ್ರಾಣದಲ್ಲಿ ಸಿಕ್ಕಿತು, ಕುರ್ಚಿ ಜೋಡಿಸುವಾಗ ನಿನಗೇ ಸಿಕ್ಕಿತು ಎಂದು ಛತ್ರದ ಮಾಲೀಕನಿಗೆ ತಾವೇ ಹೇಳುತ್ತಾರೆ. ನಾಳೆಯಿಂದ ಕೆಲಸಕ್ಕೆ ಹೋಗಬಹುದು. ಇದು ದೊಡ್ಡ ಮನೆತನದ ವಿಷಯ, ಇಲ್ಲಿ ಕಂಡದ್ದನ್ನು ಇಲ್ಲೇ ಬಿಟ್ಟು ಸದ್ಯಕ್ಕೆ ಆಚೆ ಹೋಗಿ ನಿಂತುಕೋ.

ಮರಿಯಯ್ಯ ಒಳಗೆ ಬಂದ. ಗೋಡೆಯ ಬದಿಗೆ ಒಂದರ ಮೇಲೊಂದು ಪೇರಿಸಿದ್ದ ಪ್ಲಾಸ್ಟಿಕ್ ಕುರ್ಚಿಗಳಿಂದ ಒಂದನ್ನು ಎತ್ತಿದ. ಕೈಗೆ ಪಳಗಿದ ಕೆಲಸ, ಸದ್ದೇ ಆಗಲಿಲ್ಲ. ಬೋರೇಗೌಡರು ಅಭ್ಯಾಸಬಲದಿಂದ ಕೂರಲು ಪಂಚೆ ಎತ್ತಿಕೊಂಡರು. ಮರಿಯಯ್ಯ ಕುರ್ಚಿಯನ್ನು ಅವರ ಪಕ್ಕದಿಂದ ದಾಟಿಸಿ, ಕಂಪ್ಯೂಟರಿನ ನೇರ ಮುಂದೆ ಇಟ್ಟು, ಟವೆಲಿನಿಂದ ಒಮ್ಮೆ ಒರೆಸಿ, ತಾನೇ ಕೂತ.

"ಛತ್ರದ ಓನರ್ರು ಬರ್ಲಿ ಸಾಮಿ," ಎಂದ. "ಬಂದು ಇದನ್ನ ಇಲ್ಲೇ ನೋಡ್ಲಿ."

ಏಳು ಎಂದರು ಬೋರೇಗೌಡರು. ಏಳೋ ಎಂದರು ಸಾಹೇಬರು, ಈ ಸಲ ದನಿಯಲ್ಲಿ ಮೃದುತನ ಇರಲಿಲ್ಲ. ಜವರಯ್ಯ ಕೈಮುಗಿದು, ಎದ್ದೇಳು ಮರಿಯಯ್ಯ, ನಿನ್ನ ದಮ್ಮಯ್ಯ ಎಂದ.

ಮರಿಯಯ್ಯ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಅಲ್ಲಿ ಅವನು ಕುರ್ಚಿ ಹೊತ್ತು ನಡೆಯುತ್ತಿದ್ದ.

"ಏಳಾಕಿಲ್ಲ," ಎಂದ.